ಕೈ ಮೊದಲು, ಮುಖ ಆಮೇಲೆ

ಕಳೆದ ವಾರ ನಮ್ಮ ಕಾಲೇಜಿನ ಸಿಬ್ಬಂದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಫೋಟೊ ಬಂತು. ಆಧಾರ್ ಕಾರ್ಡಿನಿಂದ ಕತ್ತರಿಸಿ ದೊಡ್ಡದು ಮಾಡಿದ ಮುಖ. ಕೆಳಗೆ, 'ಹಿಂದೆ ನಮ್ಮಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದವರು ನಿನ್ನೆ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾರೆ' ಎಂದು ಒಂದು ಸಾಲು. ಅದರ ಬುಡದಲ್ಲಿ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಸಂಜೆ ಪ್ರಿನ್ಸಿಪಾಲರು ಫೋನು ಮಾಡಿದರು. ಅವರು ಹೊಸಬರು, ಹಿಂದಿನದ್ದು ಗೊತ್ತಿಲ್ಲ.

"ಮೇಡಂ, ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಸಾಲು ಬರೆದು ಕೊಡ್ತೀರಾ? ನಿಮ್ಮ ಲ್ಯಾಬಲ್ಲೇ ಇದ್ದದ್ದಲ್ವಾ? ಭಾರೀ ತಮಾಷೆಯ ಹೆಂಗಸು ಅಂತೆ. ಅಂಥದ್ದು ಎಂತಾದ್ರೂ ಹಾಕಿ."

ನಾಲ್ಕು ಸಾಲು ಬರೆದೆ. ಓದಿ ನೋಡಿ ಹರಿದೆ. ಅದರ ಬದಲಿಗೆ ಇದನ್ನು ಬರೆಯುತ್ತಿದ್ದೇನೆ. ಇದು ಸಂಚಿಕೆಗೆ ಹೋಗುವುದಿಲ್ಲ ಎಂದು ಗೊತ್ತಿದೆ. ಹದಿನೆಂಟು ವರ್ಷಗಳಿಂದ ಡೈರಿ ಬರೆಯುವವಳು ನಾನು. ಚೆನ್ನಾಗಿ ನೆನಪಿದೆ ಎಂದುಕೊಂಡ ಎಷ್ಟೋ ಸಂಗತಿಗಳು ಡೈರಿ ತೆರೆದರೆ ಬೇರೆ ರೀತಿ ಇರುತ್ತವೆ. ಆದ್ದರಿಂದ ಎಲ್ಲಿ ಡೈರಿ, ಎಲ್ಲಿ ಬರೀ ನೆನಪು ಎಂದು ಸಾಧ್ಯವಾದಲ್ಲೆಲ್ಲ ಹೇಳುತ್ತೇನೆ.

ಮೊದಲನೆಯದು ಬರೀ ನೆನಪು. ಅವರು ನಮ್ಮ ರಸಾಯನಶಾಸ್ತ್ರದ ಲ್ಯಾಬಿಗೆ ಬಂದು ವಾರ ಆಗಿರಲಿಲ್ಲ, ಒಂದು ಬ್ಯೂರೆಟ್ ಕೈಜಾರಿ ಒಡೆಯಿತು. ಬೇರೆ ಯಾರಾದರೂ ಹಿಡಿಸೂಡಿ ತಂದು ಗುಡಿಸುತ್ತಿದ್ದರು. ಅವರು ಎಡಗೈಯನ್ನು ಎದೆಗೆ ಒತ್ತಿಕೊಂಡರು. ಬಲ ಅಂಗೈಯನ್ನು ನನ್ನತ್ತ ಚಾಚಿ "ಬರಬೇಡಿ!" ಎಂದರು. ಆಮೇಲೆ ಮುಖವನ್ನು ನಿಧಾನವಾಗಿ ಕಿಟಕಿಯ ಕಡೆಗೆ ತಿರುಗಿಸಿ ಅಲ್ಲೇ ನಿಲ್ಲಿಸಿದರು, ಕ್ಯಾಮೆರಾ ಹತ್ತಿರ ಬರಲಿಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ನಾನು ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟುಕೊಂಡು ನಿಂತಿದ್ದೆ. ದೃಶ್ಯ ಮುಗಿದ ಮೇಲೆ ಹಿಡಿಸೂಡಿ ಬಂತು.

ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಅವರು ಅದನ್ನು ಬಂದು ಹೇಳುತ್ತಿರಲಿಲ್ಲ. ಸ್ಟಾಫ್ ರೂಮಿನ ಬಾಗಿಲ ಚೌಕಟ್ಟಿಗೆ ಕೈಕೊಟ್ಟು, ತಲೆತಗ್ಗಿಸಿ, ತುಸು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಯಾರೋ ಸತ್ತರೆಂದು ನಾವು ಎದ್ದು ನಿಂತ ಮೇಲೆ "ಸಿಲಿಂಡರ್..." ಎನ್ನುತ್ತಿದ್ದರು. ಲ್ಯಾಬಿನ ಮೆಟ್ಟಿಲಲ್ಲಿ ಮಲಗುವ ನಾಯಿಯನ್ನು ಓಡಿಸುವುದಕ್ಕೂ ತೋರುಬೆರಳು ಎತ್ತಿ, ಕಣ್ಣು ಕಿರಿದು ಮಾಡಿ, ಚಿಟಿಕೆ ಹೊಡೆಯಬೇಕು. ನಾಯಿ ಏಳುತ್ತಿರಲಿಲ್ಲ.

ಹುಡುಗರು ಅವರಿಗೆ 'ಎಪಿಸೋಡ್ ಅಕ್ಕ' ಎಂದು ಹೆಸರಿಟ್ಟಿದ್ದರು, ಎದುರಲ್ಲೇ ಕರೆಯುತ್ತಿದ್ದರು.

"ಅಕ್ಕ, ಇವತ್ತು ಎಷ್ಟನೇ ಎಪಿಸೋಡು?"

"ಇವತ್ತು ಮಹಾಸಂಚಿಕೆ. ರೆಕಾರ್ಡ್ ಬುಕ್ ತಾರದವರನ್ನೆಲ್ಲ ಸಾಯಿಸುದು."

ಒಂದು ವರ್ಷ ಕಾಲೇಜ್ ಡೇಗೆ ಫೈನಲ್ ಇಯರಿನ ಹುಡುಗರು ಅವರ ಅನುಕರಣೆಯನ್ನೇ ಒಂದು ಪ್ರಹಸನ ಮಾಡಿದರು. ಸೀರೆ ಉಟ್ಟ ಹುಡುಗನೊಬ್ಬ ಟೆಸ್ಟ್ ಟ್ಯೂಬು ಹಿಡಿದು ಮೂರು ಸಲ ಮುಖ ತಿರುಗಿಸಿದ. ಸಭೆ ನಕ್ಕು ನಕ್ಕು ಸುಸ್ತಾಯಿತು. ಇವರಿಗೆ ಬೇಸರವಾಗಿರಬಹುದೆಂದು ಪಕ್ಕಕ್ಕೆ ತಿರುಗಿ ನೋಡಿದರೆ ಇವರು ಕುರ್ಚಿಯ ತುದಿಗೆ ಬಂದು ಕುಳಿತಿದ್ದರು. ಮರುದಿನ ಆ ಹುಡುಗನನ್ನು ಲ್ಯಾಬಿಗೆ ಕರೆದು ತಿದ್ದಿದ್ದನ್ನು ನಾನೇ ಕೇಳಿದ್ದೇನೆ. ಇದು ಡೈರಿಯಲ್ಲೂ ಇದೆ. "ನೀನು ಎರಡೂ ಒಟ್ಟಿಗೆ ಮಾಡಿದಿ ಮಾರಾಯ. ಹಾಗಲ್ಲ. ಕೈ ಮೊದಲು, ಮುಖ ಆಮೇಲೆ. ನಡುವಲ್ಲಿ ಒಂದು ಉಸಿರು ಬಿಡ್ಬೇಕು."

ಇದೆಲ್ಲ ಎಲ್ಲಿಂದ ಬಂತೆಂದು ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದೆ. ಅವರ ಗಂಡನ ಮನೆ ಪೆರಾಬೆಯ ಹತ್ತಿರ. ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ, ಸೊಂಟ ಬಿದ್ದು ಮಂಚ ಹಿಡಿದಿದ್ದರು. ಸಂಜೆಯಾದರೆ ಅವರಿಗೆ ಧಾರಾವಾಹಿ ಬೇಕು.

"ಟಿ.ವಿ.ಯಲ್ಲಿ ಎಂತ ಹೇಳ್ತಾರೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲ ಮೇಡಂ. ನಾನು ಎದುರು ನಿಂತು ಮಾಡಿ ತೋರಿಸುದು. ಕರೆಂಟ್ ಹೋದ್ರೆ ಮುಂದಿನ ಕತೆಯೂ ನಾನೇ ಮಾಡುದು."

"ಮುಂದಿನ ಕತೆ ನಿಮಗೆ ಹೇಗೆ ಗೊತ್ತು?"

"ಅದರಲ್ಲಿ ಗೊತ್ತಾಗ್ಲಿಕ್ಕೆ ಎಂತ ಉಂಟು? ಸೊಸೆಯ ಮೇಲೆ ಅಪವಾದ ಬರ್ತದೆ. ಅವಳು ಅಳ್ತಾಳೆ. ಯಾರೂ ನಂಬುದಿಲ್ಲ. ಐವತ್ತು ದಿನ ಕಳೆದ ಮೇಲೆ ನಂಬ್ತಾರೆ. ನಮ್ಮ ಅತ್ತೆಗೆ ಅಷ್ಟು ದಿನ ತಾಳ್ಮೆ ಇಲ್ಲ, ಸಿಟ್ಟು ಬಂದು ಲೋಟ ಬಿಸಾಡ್ತಿದ್ರು. ಹಾಗೆ ಕರೆಂಟ್ ಹೋದ ದಿನ ನಾನು ಬೇಗ ನಂಬಿಸಿ ಬಿಡ್ತಿದ್ದೆ."

ಒಂಬತ್ತು ವರ್ಷ ಹೀಗೆ ನಡೆಯಿತಂತೆ. ಅತ್ತೆ ತೀರಿಕೊಂಡರು, ಇವರು ಕೆಲಸ ಹುಡುಕಿ ನಮ್ಮಲ್ಲಿಗೆ ಬಂದರು. ಕೈಗಳು ಮಾತ್ರ ಆ ಮಂಚದ ಎದುರೇ ಉಳಿದವು ಎಂದು ಬರೆಯಲು ಹೊರಟಿದ್ದೆ. ಚೆಂದದ ವಾಕ್ಯಗಳ ಮೇಲೆ ನನಗೀಗ ನಂಬಿಕೆ ಇಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಅವರ ಕನ್ನಡವೂ ಅರ್ಧ ಅಲ್ಲಿಯದೇ. ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲಿ, ನಿಜ. ಆದರೆ ಮನೆ, ಅಂಗಡಿ, ಬಸ್ಸು, ಎಲ್ಲ ತುಳು. ಬಾಯಿಬಿಟ್ಟು ಆಡುವ ಕನ್ನಡವನ್ನು ಅವರು ದಿನಾ ಕೇಳಿದ್ದು ಟಿ.ವಿ.ಯಿಂದ. ಒಂದೇ ಉಸಿರಿನಲ್ಲಿ ನಮ್ಮ 'ಎಂತ'ವೂ ಬರುತ್ತಿತ್ತು, ಘಟ್ಟದ ಮೇಲಿನ 'ಏನಂದ್ರಿ'ಯೂ ಬರುತ್ತಿತ್ತು. ನಾನು ಸುಳ್ಯದ ಕಡೆಯವಳು, ಮನೆಮಾತು ಅರೆಭಾಷೆ. ಪುತ್ತೂರು ಪೇಟೆಯಲ್ಲಿ ತುಳು ಆಡುತ್ತೇನೆ, ಆದರೆ ಕಾಲೇಜಿನೊಳಗೆ ಬಂದರೆ ಯಾಕೋ ಕನ್ನಡವೇ. ಹಾಗಾಗಿ ನನ್ನ ಹತ್ತಿರ ಅವರೂ ಕನ್ನಡ. ಕಸ ಗುಡಿಸುವ ಹೆಂಗಸಿನ ಜೊತೆ ತುಳುವಿನಲ್ಲಿ ಹರಟುವಾಗ ಬೇರೆಯೇ ಆಗುತ್ತಿದ್ದರು. ಸೊಂಟಕ್ಕೆ ಒಂದು ಕೈ, ಇನ್ನೊಂದರಲ್ಲಿ ಒದ್ದೆ ಬಟ್ಟೆ, ಅಷ್ಟೇ. ಇದನ್ನು ನಾನು ಗಮನಿಸಿದ್ದೆ. ಡೈರಿಯಲ್ಲಿ ಹೀಗಿದೆ: 'ತುಳು ಮಾತಾಡುವಾಗ ಕೈ ಆಡುವುದಿಲ್ಲ. ಕನ್ನಡಕ್ಕೆ ಬಂದರೆ ಶುರು. ತಮಾಷೆ.'

ಇನ್ನು ನಮ್ಮ ಕಚೇರಿಯ ಸೂಪರಿಂಟೆಂಡೆಂಟರ ವಿಷಯ. ನಮ್ಮ ಅಟೆಂಡರಿಗಾಗಿ ಬರೆಯಲು ಕುಳಿತು ಅವರಿಗೆ ಜಾಗ ಕೊಡುವುದು ನನಗೆ ಇಷ್ಟವಿಲ್ಲ, ಆದರೆ ಬೇರೆ ದಾರಿಯಿಲ್ಲ. ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕುಳಿತಲ್ಲೇ, ಬರೀ ಮಾತಿನಲ್ಲಿ ಪಾತ್ರವನ್ನು ಕಟ್ಟುವ ಕಲೆ. ನಮ್ಮ ಮೂರು ತಾಲೂಕುಗಳಲ್ಲಿ ಅವರು ಹೋಗದ ಊರಿಲ್ಲ. ಸೌಮ್ಯ ಪಾತ್ರಗಳಿಗೆ ಅವರೇ ಆಗಬೇಕು. ಬಿಳಿ ಪಂಚೆ, ಹೆಗಲಿಗೆ ಶಾಲು. ವಾದ ಬಿಸಿಯೇರಿದಾಗ ಎದುರಿನವರು ತೊಡೆ ತಟ್ಟಿದರೆ ಇವರು ಎರಡು ಬೆರಳು ಮಾತ್ರ ಎತ್ತುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಆ ಎರಡು ಬೆರಳೂ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಯಾರನ್ನೋ ನೋಡಿ ಕಲಿತದ್ದೇ. ಅದನ್ನು ನಾವು ಸಂಸ್ಕಾರ ಎನ್ನುತ್ತೇವೆ.

ಒಂದು ವರ್ಷ ಜನವರಿಯಲ್ಲಿ ನಮ್ಮ ಅಟೆಂಡರ್ ಈ ಸೂಪರಿಂಟೆಂಡೆಂಟರ ಮೇಲೆ ದೂರು ಕೊಟ್ಟರು. ಶನಿವಾರ ಮಧ್ಯಾಹ್ನ ಹಳೆಯ ರಿಜಿಸ್ಟರ್ ತೆಗೆದುಕೊಡಿ ಎಂದು ರೆಕಾರ್ಡ್ ರೂಮಿಗೆ ಕರೆದು, ಬಾಗಿಲು ಎಳೆದುಕೊಂಡು, ಕೈಹಿಡಿದು ಎಳೆದರು ಎಂದು. ಮೂವರ ಸಮಿತಿ ಕುಳಿತಿತು. ಕಾಮರ್ಸ್ ವಿಭಾಗದ ಹಿರಿಯ ಮೇಡಂ ಅಧ್ಯಕ್ಷೆ, ಹೊರಗಿನಿಂದ ಒಬ್ಬರು ನಿವೃತ್ತ ಅಧಿಕಾರಿ, ಮತ್ತು ನಾನು. ಕಿರಿಯಳೆಂದು ಬರೆದುಕೊಳ್ಳುವ ಕೆಲಸ ನನಗೆ ಬಂತು.

ಅಟೆಂಡರ್ ಬಂದು ನಿಂತು ಮೊದಲು ಕೇಳಿದ್ದು ಇಷ್ಟೇ. "ತುಳುವಿನಲ್ಲಿ ಹೇಳಬಹುದಾ ಮೇಡಂ?"

"ಬರ್ಕೊಳ್ಳುದು ಕನ್ನಡದಲ್ಲಲ್ವಾ?" ಎಂದರು ಅಧ್ಯಕ್ಷೆ. "ಕನ್ನಡದಲ್ಲೇ ಹೇಳಿ. ನಿಮಗೆ ಚೆನ್ನಾಗಿ ಬರ್ತದಲ್ಲ."

ಮೇಜಿನ ಈಚೆ ಕುಳಿತ ಮೂವರಿಗೂ ತುಳು ಬರುತ್ತಿತ್ತು. ಇಬ್ಬರದು ಮನೆಮಾತೇ ಅದು. ಕೇಳಿ ಕನ್ನಡದಲ್ಲಿ ಬರೆದುಕೊಳ್ಳಲಿಕ್ಕೆ ನನಗೇನೂ ಕಷ್ಟವಿರಲಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆದು ಕಾದೆ.

ಅವರು ಕನ್ನಡದಲ್ಲಿ ಶುರು ಮಾಡಿದರು. ಮೊದಲ ಎರಡು ವಾಕ್ಯ ಸರಿಯಾಗಿಯೇ ಇತ್ತು. ಎಷ್ಟು ಗಂಟೆ, ಯಾವ ರಿಜಿಸ್ಟರ್. ಆಮೇಲೆ ಬಲಗೈ ಎದ್ದಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ತಾವೇ ಹಿಡಿದುಕೊಂಡು ಎಳೆದರು, ಕೊಸರಿ ಬಿಡಿಸಿಕೊಂಡರು, ಎರಡು ಹೆಜ್ಜೆ ಹಿಂದೆ ಸರಿದರು. ಒಂದು ಉಸಿರು. ಮುಖ ತಿರುಗಿತು. ಬೆರಳು ಮೇಲೆದ್ದಿತು. "ಇದು ನನ್ನ ಮಾನದ ಪ್ರಶ್ನೆ!" ಎಂದರು. ಕಣ್ಣಲ್ಲಿ ನೀರಿತ್ತು.

ನಿವೃತ್ತ ಅಧಿಕಾರಿ ಕರ್ಚೀಫು ತೆಗೆದು ಕೆಮ್ಮಿದರು. ಅದು ಕೆಮ್ಮಲ್ಲ. ಅಧ್ಯಕ್ಷೆ ಮೇಜಿನ ಮೇಲಿನ ಗಾಜನ್ನು ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ನಾನೂ ನಕ್ಕೆನೇ? ಇಲ್ಲ ಎಂದು ನೆನಪು. ಆದರೆ ಹಾಗೆ ನೆನಪಿರುವುದರಲ್ಲಿ ನನಗೆ ಲಾಭವಿದೆ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಅವರಿಗೆ ನಮ್ಮ ಮುಖಗಳು ಕಂಡವು. ಕಂಡ ಮೇಲೆ ಇನ್ನಷ್ಟು ಜೋರಾಗಿ ಮಾಡಿದರು. ಕಿವಿ ಕೇಳದವರಿಗೆ ಹೇಳುವ ಹಾಗೆ.

ಆಮೇಲೆ ಸೂಪರಿಂಟೆಂಡೆಂಟರನ್ನು ಕರೆದೆವು. ಕುಳಿತರು, ಶಾಲು ಸರಿಮಾಡಿಕೊಂಡರು, ಕೈಗಳನ್ನು ತೊಡೆಯ ಮೇಲೆ ಇಟ್ಟರು. ಸ್ವರ ಏರಿಸಲಿಲ್ಲ. "ಆರೋಪ ಮಾಡುವುದು ಸುಲಭ, ಹೊರುವುದು ಕಷ್ಟ. ಹೊತ್ತುಕೊಳ್ಳುತ್ತೇನೆ. ಆ ತಾಯಿಯ ಮೇಲೆ ನನಗೆ ಕೋಪವಿಲ್ಲ" ಎಂದು ಎರಡು ಬೆರಳು ಎತ್ತಿ ಇಳಿಸಿದರು. ಅವರು ಹೊರಗೆ ಹೋದ ಮೇಲೆ ನಿವೃತ್ತ ಅಧಿಕಾರಿ, "ಎಂಥ ಮಾತು ಮಾರಾಯ್ರೆ!" ಎಂದರು. ಮುಂದಿನ ವಾರ ಈಶ್ವರಮಂಗಲದಲ್ಲಿ ಅವರ ಕೂಟ ಉಂಟಂತೆ, ಹೋಗಬೇಕು ಎಂದೂ ಸೇರಿಸಿದರು.

"ಈ ಹೆಂಗಸಿದ್ದು ನನಗೆ ಸೀರಿಯಲ್ ನೋಡಿದ ಹಾಗೆ ಆಯ್ತು" ಎಂದರು ಅವರೇ.

"ನಿಜವಾಗಿ ಆದದ್ದಾದ್ರೆ ಹೀಗೆ ಮಾಡಿ ತೋರಿಸ್ಲಿಕ್ಕೆ ಆಗ್ತದಾ?" ಎಂದರು ಅಧ್ಯಕ್ಷೆ. "ಬಾಯಿ ಕಟ್ಟಿ ಹೋಗ್ತದೆ. ನೀವೆಂತ ಹೇಳ್ತೀರಿ?"

ಇದು ನನ್ನನ್ನು ಕೇಳಿದ್ದು. "ಸ್ವಲ್ಪ ಜಾಸ್ತಿಯೇ ಆಯ್ತು" ಎಂದೆ.

ವರದಿ ಬರೆದವಳು ನಾನೇ. ಅದರಲ್ಲಿ ಈ ವಾಕ್ಯವಿದೆ: 'ದೂರುದಾರರ ಹಾವಭಾವ ಹಾಗೂ ಮಾತಿನ ಧಾಟಿ ಸಹಜವಾಗಿರದೆ, ಪೂರ್ವಾಭ್ಯಾಸ ಮಾಡಿದಂತೆ ಕಂಡುಬಂದಿದೆ.' ಅಧ್ಯಕ್ಷೆ ಓದಿ, "ಒಳ್ಳೆ ಬರೆದಿದ್ದೀರಿ" ಎಂದು ಮೆಚ್ಚಿದರು. ನನಗೂ ಮೆಚ್ಚಿಗೆಯಾಗಿತ್ತು. ಪೂರ್ವಾಭ್ಯಾಸ ಎಂಬ ಪದ ಸಿಕ್ಕಿದ್ದಕ್ಕೆ.

ಅಂದಿನಿಂದ ಅವರ ಕೈಗಳು ಸುಮ್ಮನಾದವು ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತದೆ. ಹಾಗಾಗಲಿಲ್ಲ. ಮರುದಿನವೂ ಅವರು ಲ್ಯಾಬಿಗೆ ಬಂದರು, ಚೌಕಟ್ಟಿಗೆ ಕೈಕೊಟ್ಟು ನಿಂತು, ಡಿಸ್ಟಿಲ್ಡ್ ವಾಟರ್ ಮುಗಿದದ್ದನ್ನು ಎಂದಿನಂತೆ ಸಾರಿದರು. ಈಗ ನಗಲು ಕಷ್ಟವಾದದ್ದು ನಮಗೆ. ಅವರನ್ನು ಕಂಡರೆ ಹುಡುಗಿಯರೂ ದಾರಿ ಬದಲಿಸುತ್ತಿದ್ದರು. ಜೂನಿನಲ್ಲಿ ಅವರ ನೇಮಕವನ್ನು ಮುಂದುವರಿಸಲಿಲ್ಲ. ಆ ಪತ್ರವನ್ನು ಟೈಪ್ ಮಾಡಿಸಿ, ಸಹಿ ಹಾಕಿಸಿ, ಕೈಗೆ ಕೊಟ್ಟದ್ದು ಅದೇ ಸೂಪರಿಂಟೆಂಡೆಂಟರು. ಕಚೇರಿಯ ಕೆಲಸ ಅದು, ಅವರೇ ಮಾಡಬೇಕು. ಇವರು ಕಡಬದಲ್ಲಿ ಒಂದು ಬಟ್ಟೆ ಅಂಗಡಿಗೆ ಸೇರಿದರೆಂದು ಆಮೇಲೆ ಕೇಳಿದೆ. ಸೀರೆ ಬಿಡಿಸಿ ಹರಡುವುದರಲ್ಲಿ ಅವರನ್ನು ಮೀರಿಸುವವರಿಲ್ಲವಂತೆ. ಇರಬಹುದು.

ಎರಡು ವರ್ಷದ ನಂತರ ನೆಲ್ಯಾಡಿ ಕಡೆಯ ಒಬ್ಬಳು ಅತಿಥಿ ಉಪನ್ಯಾಸಕಿ ಅದೇ ಮನುಷ್ಯನ ಮೇಲೆ ಅದೇ ಥರದ ದೂರು ಕೊಟ್ಟಳು. ಆ ಸಲ ಸಮಿತಿಯಲ್ಲಿ ನಾನಿರಲಿಲ್ಲ. ಅಧ್ಯಕ್ಷೆ ಮಾತ್ರ ಅವರೇ. ವಿಚಾರಣೆಯ ದಿನ ಮಧ್ಯಾಹ್ನ ನಾನು ವರಾಂಡದಲ್ಲಿ ಹೋಗುವಾಗ ಸಭಾಕೊಠಡಿಯ ಹೊರಗಿನ ಬೆಂಚಿನಲ್ಲಿ ನಮ್ಮ ಹಳೆಯ ಅಟೆಂಡರ್ ಕುಳಿತಿದ್ದರು. ಮಡಿಲಲ್ಲಿ ನೆಲಗಡಲೆಯ ಪೊಟ್ಟಣ. ಆ ಹುಡುಗಿ ಕಡಬದ ಅಂಗಡಿಗೆ ಹುಡುಕಿಕೊಂಡು ಹೋಗಿ ಮಾತಾಡಿದ್ದಳಂತೆ. ಇವರು ಅರ್ಧ ದಿನ ರಜೆ ಹಾಕಿ, ಬಸ್ಸು ಹತ್ತಿ, ಸಾಕ್ಷಿ ಹೇಳಲು ಬಂದಿದ್ದರು.

ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು. ಮೊದಲ ಬಾರಿಗೆ ನಾನು ಅವರ ಜೊತೆ ತುಳುವಿನಲ್ಲಿ ಮಾತಾಡಿದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಳಗೆ ಬಿಡುದಿಲ್ಲ ಅಂತೆ ಮೇಡಂ. ಲಿಸ್ಟಲ್ಲಿ ಹೆಸರಿಲ್ಲ. ಕಾಯ್ತೇನೆ, ಕರೆದ್ರೂ ಕರೀಬಹುದು."

"ಊಟ ಆಯ್ತಾ?"

"ಇದೇ ಊಟ. ತಗೊಳ್ಳಿ." ನಾಲ್ಕು ಬೀಜ ನನ್ನ ಕೈಗೆ ಹಾಕಿದರು. "ಈ ಹುಡುಗಿ ನನ್ನ ಹಾಗಲ್ಲ. ಮಾತಾಡಿದ್ರೆ ರೆಪ್ಪೆ ಸಹ ಅಲ್ಲಾಡುದಿಲ್ಲ. ನಾನು ಹೇಳಿದೆ, ಒಳ್ಳೇದಾಯ್ತು, ಒಳಗೆ ಹೀಗೇ ಹೇಳು ಅಂತ."

ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಅವರು ಸಿಪ್ಪೆಗಳನ್ನು ಪೊಟ್ಟಣದ ಒಂದು ಮೂಲೆಗೆ ಒಟ್ಟುಮಾಡುತ್ತ, ನನ್ನ ಕಡೆ ನೋಡದೆ ಕೇಳಿದರು.

"ಅವತ್ತು ಅವರಿಬ್ಬರು ನಂಬ್ಲಿಲ್ಲ. ಅದು ನನಗೆ ಅಲ್ಲೇ ಗೊತ್ತಾಗಿದೆ, ಬಿಡಿ. ನೀವು? ನೀವು ನಂಬಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು. ಬೇರೆ ಎಂತ ಮಾಡ್ಲಿಕ್ಕೂ ನಾನು ಹೇಳುದಿಲ್ಲ."

ನಾನು ಹೇಳಿದೆ, "ಸುಮಾರು ಹಿಂದಿನದ್ದಲ್ವಾ. ಸರಿ ನೆನಪಿಲ್ಲ ನನಗೆ."

"ಹೌದಾ" ಎಂದರು. ಪೊಟ್ಟಣ ಮಡಚಿದರು. "ನನಗೆ ಉಂಟು."

ಅದರಲ್ಲಿ ಚುಚ್ಚು ಇರಲಿಲ್ಲ. ನಾನು ಕ್ಲಾಸ್ ಇದೆ ಎಂದು ಎದ್ದೆ. ಕ್ಲಾಸ್ ಇತ್ತು, ಅದೇನೂ ಸುಳ್ಳಲ್ಲ. ನಾಲ್ಕು ಗಂಟೆಗೆ ಹಿಂದಿರುಗಿದಾಗ ಸಮಿತಿ ಎದ್ದಿತ್ತು, ಬೆಂಚು ಖಾಲಿಯಿತ್ತು. ಅವರನ್ನು ಯಾರೂ ಕರೆಯಲಿಲ್ಲವಂತೆ, ಕಡಬದ ಬಸ್ಸಿಗೆ ಹೋದರಂತೆ.

ಮರುದಿನ ಅಧ್ಯಕ್ಷೆ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತ ನನಗೆ ಹೇಳಿದರು. "ಯಾರದೋ ಕತೆ ಹೇಳಿದ ಹಾಗೆ ಹೇಳಿದಳು ಮಾರಾಯ್ತಿ. ಒಂದು ಹನಿ ಕಣ್ಣೀರಿಲ್ಲ. ನಿಜವಾಗಿ ಆದವಳು ಹಾಗೆ ಇರ್ತಾಳಾ?" ವರದಿಯಲ್ಲಿ ನನ್ನ ವಾಕ್ಯವನ್ನೂ ಹಾಕಿದ್ದರು. ಇದೇ ಸಿಬ್ಬಂದಿಯ ಮೇಲೆ ಹಿಂದೆ ಬಂದ ದೂರೂ ಪೂರ್ವಾಭ್ಯಾಸ ಮಾಡಿದಂತಿತ್ತೆಂದು ಸಮಿತಿ ಕಂಡುಕೊಂಡಿದೆ, ಎಂದು. ಆ ಹುಡುಗಿ ಸೆಮಿಸ್ಟರ್ ಮುಗಿಯುವ ಮೊದಲೇ ಬಿಟ್ಟುಹೋದಳು. ಸೂಪರಿಂಟೆಂಡೆಂಟರು ಮೊನ್ನೆ ಮಾರ್ಚಿನಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಹಾರ, ಶಾಲು, ಫಲತಾಂಬೂಲ, ಎರಡು ಗಂಟೆ ತಾಳಮದ್ದಳೆ. ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ.

ಪ್ರಿನ್ಸಿಪಾಲರ ಫೋನು ಬಂದ ದಿನ, ಬರೆಯುವ ಮೊದಲು ತಾರೀಕುಗಳನ್ನು ಖಚಿತಪಡಿಸಿಕೊಳ್ಳೋಣ ಎಂದು ಅವರು ದೂರು ಕೊಟ್ಟ ವರ್ಷದ ಡೈರಿ ತೆಗೆದೆ. ವಿಚಾರಣೆಯ ದಿನದ ಪುಟದಲ್ಲಿ 'ಸಮಿತಿ ಸಭೆ ಆಯಿತು. ತಲೆನೋವು' ಎಂದಷ್ಟೇ ಇದೆ. ಹಿಂದಿನ ವರ್ಷದ್ದನ್ನೂ ತೆಗೆದೆ. ಅವರ ತುಳುವಿನ ಬಗ್ಗೆ ಬರೆದದ್ದನ್ನು ಹುಡುಕುತ್ತ ಪುಟ ಮಗುಚುವಾಗ ಸೆಪ್ಟೆಂಬರಿನಲ್ಲಿ, ಅವರು ದೂರು ಕೊಡುವುದಕ್ಕೆ ನಾಲ್ಕು ತಿಂಗಳು ಮೊದಲು, ನನ್ನದೇ ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು: 'ಇನ್ನು ಮಧ್ಯಾಹ್ನದ ಮೇಲೆ ಆಫೀಸಿಗೆ ಒಬ್ಬಳೇ ಹೋಗಬಾರದು.'

ಕಾರಣ ಬರೆದಿಲ್ಲ. ಸಂಬಳದ ಸರ್ಟಿಫಿಕೇಟಿಗೆ ಹೋಗಿದ್ದೆ. ಸಹಿ ಹಾಕಲು ಪೆನ್ನು ಎತ್ತಿದಾಗ ಸೂಪರಿಂಟೆಂಡೆಂಟರು ಪೆನ್ನಿನ ಜೊತೆಗೆ ನನ್ನ ಬೆರಳುಗಳನ್ನೂ ಹಿಡಿದುಕೊಂಡು, ನಗುತ್ತಾ, ಬಿಡಲಿಲ್ಲ. ಹೊರಗೆ ಯಾರದೋ ಹೆಜ್ಜೆ ಕೇಳಿದ ಮೇಲೆ ಬಿಟ್ಟರು. ನಾನು ಸಹಿ ಹಾಕಿ, ಥ್ಯಾಂಕ್ಸ್ ಹೇಳಿ ಬಂದೆ.

ಇದಕ್ಕೆ ಡೈರಿ ಬೇಕಾಗಿರಲಿಲ್ಲ. ವರದಿ ಬರೆಯುವಾಗ ನೆನಪಿತ್ತು. ಬೆಂಚಿನಲ್ಲಿ ಅವರು ಕೇಳಿದಾಗಲೂ ನೆನಪಿತ್ತು.